ಕನ್ನಡಿಗೆ ಹದಿನೆಂಟು ಕಾಲು

ಗಾಜು ಒಡೆಯುತ್ತದೆ ಅಂದರೆ ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಗಾಜು ಬಾಗುತ್ತದೆ ಅಂದರೆ ಮಾತ್ರ ಹೇಳಿದವನ ಮುಖವನ್ನು ಒಮ್ಮೆ, ಅವನ ಕೈಲಿರುವ ಲೋಟವನ್ನು ಒಮ್ಮೆ ನೋಡುತ್ತಾರೆ. 12 ಇಂಚು ಅಗಲ, ಒಂದು ಇಂಚು ದಪ್ಪದ ಗಾಜಿನ ಬಿಲ್ಲೆ. ಮೇಲೆ ಯಾರೂ ಕೂತಿಲ್ಲ, ಏನನ್ನೂ ಹೇರಿಲ್ಲ. ತನ್ನಷ್ಟಕ್ಕೆ ತಾನು ಅಂಗಾತ ಮಲಗಿದ್ದರೂ ಅದು ತನ್ನ ಭಾರಕ್ಕೇ ಬಾಗುತ್ತದೆ ಎಂದು ದಾಂಡೇಲಿಯ ಯಾವುದಾದರೂ ಚಹಾದಂಗಡಿಯಲ್ಲಿ ಹೇಳಿ ನೋಡಿ. "ರಾತ್ರಿ ನಿದ್ದಿ ಸರಿ ಆಗೇದೇನ್ರಿ?" ಎಂದು ಕೇಳುತ್ತಾರೆ.

ಹೇಳಿ ನೋಡುವ ಧೈರ್ಯ ಇರುವವರು ನಮ್ಮ ಮಾಸ್ತರು ಒಬ್ಬರೇ. ಹೆಸರು ಕೇಳಬೇಡಿ. ಹರಟೆಗೆ ಒಬ್ಬ ಮನುಷ್ಯ ಬೇಕಲ್ಲ ಅಂತ ನಾನೇ ಹುಟ್ಟಿಸಿಕೊಂಡವರು ಅವರು. ದುರ್ಬೀನನ್ನು ಕೊಳ್ಳದೆ ಮಾಡಿಯೇ ತೀರುತ್ತೇನೆಂಬ ಹುಚ್ಚು ಹತ್ತಿದವರು ಬೆಂಗಳೂರಿನಿಂದ ಟೊರಾಂಟೋವರೆಗೆ ಇದ್ದಾರೆ. ಅವರನ್ನೆಲ್ಲ ಕಲಸಿ ಒಂದೇ ಉಂಡೆ ಕಟ್ಟಿ, ಹೈಸ್ಕೂಲಿನ ವಿಜ್ಞಾನದ ಮಾಸ್ತರಿಕೆಯಿಂದ ನಿವೃತ್ತಿ ಕೊಡಿಸಿ, ದಾಂಡೇಲಿಯಲ್ಲಿ ಒಂದು ಹಂಚಿನ ಮನೆ ಮಾಡಿಕೊಟ್ಟಿದ್ದೇನೆ. ಅವರ ಹೆಂಡತಿಯನ್ನು, ಅಂದರೆ ನಮ್ಮ ವೈನಿಯವರನ್ನು ಮಾತ್ರ ನಾನು ಹುಟ್ಟಿಸಬೇಕಾಗಿ ಬರಲಿಲ್ಲ. ಇಂಥ ಗಂಡಂದಿರು ಇರುವಲ್ಲೆಲ್ಲ ಅವರು ಇದ್ದೇ ಇರುತ್ತಾರೆ.

ನಕ್ಷತ್ರ ನೋಡುವವರಿಗೆ ದಾಂಡೇಲಿ, ಜೋಯಿಡಾ ಅಂದರೆ ಬಾಯಲ್ಲಿ ನೀರೂರಬೇಕು. ಹುಲಿ ಸಂರಕ್ಷಿತ ಕಾಡು, ದೂರದೂರಕ್ಕೆ ಒಂದೊಂದು ಊರು, ಊರಿಗೆ ನಾಲ್ಕು ದೀಪ. ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಕೂತಿರುವುದರಿಂದ ದಕ್ಷಿಣದ ಆಕಾಶದ ಬಹುಪಾಲು ನಮಗೇ ಬಿಟ್ಟುಕೊಟ್ಟ ಹಾಗೆ. ಲಂಡನ್ನಿನವರು ಜನ್ಮದಲ್ಲಿ ಕಾಣದ ಅಗಸ್ತ್ಯ ನಮಗೆ ಮಾಘದ ಸಂಜೆ ಸುಮ್ಮನೆ ಸಿಗುತ್ತಾನೆ. ಮೇ ತಿಂಗಳ ಸಂಜೆ ತ್ರಿಶಂಕುವೂ ದಿಗಂತದ ಮೇಲೆ ತಲೆ ಎತ್ತುತ್ತಾನೆ.

ಇದು ಪುಸ್ತಕದ ಮಾತು. ನಿಜ ಸಂಗತಿ ಬೇರೆ. ಜೋಯಿಡಾದಲ್ಲಿ ದಕ್ಷಿಣ ದಿಗಂತ ಎಂದರೆ ಎದುರಿನ ಗುಡ್ಡ, ಗುಡ್ಡದ ಮೇಲಿನ ಮರ, ಮರದ ಮೇಲಿನ ಬಳ್ಳಿ. ತ್ರಿಶಂಕು ಅದರ ಹಿಂದೆ ಹುಟ್ಟಿ ಅದರ ಹಿಂದೆಯೇ ಮುಳುಗುತ್ತಾನೆ. ಪುರಾಣದಲ್ಲಿ ಅರ್ಧಕ್ಕೆ ನಿಂತವನಿಗೆ ಇಲ್ಲಿ ಅರ್ಧವೂ ಇಲ್ಲ. ಕತ್ತಲು ಹುಡುಕಿಕೊಂಡು ಕಾಡಿನೊಳಗೆ ಹೋಗೋಣವೆಂದರೆ ಕಪ್ಪು ಚಿರತೆಗೆ ಹೆಸರಾದ ಕಾಡು ಅದು. ಕಪ್ಪು ರಾತ್ರಿಯಲ್ಲಿ ಕಪ್ಪು ಚಿರತೆಯನ್ನು ಗುರುತಿಸುವ ದುರ್ಬೀನು ಇನ್ನೂ ಬಂದಿಲ್ಲ. ಅರಣ್ಯ ಇಲಾಖೆಯ ಗೇಟು ಬೇರೆ. ಹೊಳೆಯ ದಂಡೆಗೆ ಬಂದರೆ ರೆಸಾರ್ಟಿನ ಬಣ್ಣದ ದೀಪ, ಜೊತೆಗೆ ಡಿಜೆ. ಚಳಿಗಾಲದಲ್ಲಿ ಕಾಳಿ ನದಿಯ ಮಂಜು. ಇಷ್ಟೆಲ್ಲ ದಾಟಿದ ಮೇಲೆ ಜೂನ್ ಬರುತ್ತದೆ. ಆಮೇಲೆ ಅಕ್ಟೋಬರ್ ತನಕ ಆಕಾಶ ಎಂಬುದೊಂದು ಇದೆ ಎನ್ನುವುದಕ್ಕೆ ಮಳೆಯೇ ಸಾಕ್ಷಿ.

ಆ ತಿಂಗಳುಗಳಲ್ಲಿ ಖಗೋಳದ ಹುಚ್ಚಿರುವ ಮನುಷ್ಯ ಏನು ಮಾಡಬೇಕು? ಮಾಸ್ತರು ಲ್ಯಾಪ್‌ಟಾಪ್ ತೆರೆದು ಕನ್ನಡಿಗೆ ಕಾಲು ಕೊಡಿಸುತ್ತಾರೆ.

ಸಂಗತಿ ಹೀಗಿದೆ. ಪ್ರತಿಫಲನದ ದುರ್ಬೀನಿನ ಜೀವ ಇರುವುದು ಅದರ ಬುಡದಲ್ಲಿ ಕೂತಿರುವ ಗುಳಿಗನ್ನಡಿಯಲ್ಲಿ. 12 ಇಂಚಿನ ಕನ್ನಡಿ, ನಾಭಿದೂರ ಐದು ಅಡಿ ಎಂದುಕೊಳ್ಳಿ. ಅದರ ನಡುವಿನ ಗುಳಿಯ ಆಳ 4 ಮಿಲಿಮೀಟರಿಗೂ ಕಡಿಮೆ. ಆ ಅಷ್ಟು ಗುಳಿಯನ್ನು ಕಾರ್ಬೋರಂಡಂ ಪುಡಿಯಲ್ಲಿ ಗಾಜಿಗೆ ಗಾಜು ಉಜ್ಜಿ ತೋಡಿ, ಸೀರಿಯಂ ಆಕ್ಸೈಡಿನಲ್ಲಿ ಹೊಳಪು ಕೊಟ್ಟು, ಪ್ಯಾರಾಬೋಲಕ್ಕೆ ತಂದು ನಿಲ್ಲಿಸುವುದಕ್ಕೆ ತಿಂಗಳುಗಳು ಹಿಡಿಯುತ್ತವೆ. ನಿಲ್ಲಿಸಬೇಕಾದ ನಿಖರತೆ ಬೆಳಕಿನ ಅಲೆಯ ಎಂಟನೇ ಒಂದು ಪಾಲು. ಹಸಿರು ಬೆಳಕಿನ ಲೆಕ್ಕದಲ್ಲಿ ಸುಮಾರು 70 ನ್ಯಾನೊಮೀಟರ್. ತಲೆಗೂದಲಿನ ದಪ್ಪದ ಸಾವಿರದಲ್ಲಿ ಒಂದು ಭಾಗ. ಇಷ್ಟು ಸಾಧಿಸಿದ ಮೇಲೆ ಕನ್ನಡಿಯನ್ನು ತೆಗೆದುಕೊಂಡು ಹೋಗಿ ಒಂದು ಹಲಗೆಯ ಮೇಲೆ ಇಟ್ಟಿರೋ, ಅದು ಬಾಗಿ ಕೂತಿತು. ತಿಂಗಳುಗಟ್ಟಲೆ ಉಜ್ಜಿ ತೆಗೆದ ಡೊಂಕು ಒಂದು ಕ್ಷಣದಲ್ಲಿ ವಾಪಸು.

ಬಾಗುವುದರ ಲೆಕ್ಕವೂ ಕ್ರೂರ. ದಪ್ಪ ಅಷ್ಟೇ ಇಟ್ಟು ಅಗಲ ಎರಡು ಪಟ್ಟು ಮಾಡಿದರೆ ಬಾಗು ಹದಿನಾರು ಪಟ್ಟು. ದಪ್ಪ ಎರಡು ಪಟ್ಟು ಮಾಡಿದರೆ ಸಿಗುವ ರಿಯಾಯಿತಿ ನಾಲ್ಕನೇ ಒಂದಕ್ಕೆ ಮಾತ್ರ. ಹಾಗಾಗಿ ದೊಡ್ಡ ಕನ್ನಡಿಯನ್ನು ಗಟ್ಟಿ ಮಾಡಿಕೊಳ್ಳುತ್ತಾ ಹೋದರೆ ಅದನ್ನು ಎತ್ತುವುದಕ್ಕೆ ಟಿಂಬರ್ ಡಿಪೋದಿಂದ ಆನೆ ತರಿಸಬೇಕಾಗುತ್ತದೆ. ಬುದ್ಧಿವಂತರು ಗಾಜನ್ನು ತೆಳುವಾಗಿಯೇ ಬಿಟ್ಟು, ಕೆಳಗಿನಿಂದ ಹಿಡಿದುಕೊಳ್ಳುವ ಕೈಗಳನ್ನು ಹೆಚ್ಚಿಸಿದರು.

ಈ ಬುದ್ಧಿ ಹಳೆಯದು. ಐರ್ಲೆಂಡಿನ ಥಾಮಸ್ ಗ್ರಬ್ 1830ರ ದಶಕದಲ್ಲೇ ಸನ್ನೆಕೋಲುಗಳ ಮೇಲೆ ಕನ್ನಡಿ ಕೂಡಿಸುವ ಉಪಾಯ ಮಾಡಿದ. ಅದೇ ಉಪಾಯವನ್ನು ಹಿಡಿದು ಲಾರ್ಡ್ ರಾಸ್ ಎಂಬ ಜಮೀನುದಾರ 1845ರಲ್ಲಿ ತನ್ನ ಕೋಟೆಯ ಅಂಗಳದಲ್ಲಿ ಆರು ಅಡಿ ಅಗಲದ ಕನ್ನಡಿಯ ದುರ್ಬೀನು ನಿಲ್ಲಿಸಿದ. ಗಾಜಿನದಲ್ಲ, ಲೋಹದ ಕನ್ನಡಿ. ತೂಕ ಮೂರು ಟನ್ನಿನ ಆಸುಪಾಸು. ಅದರಲ್ಲೇ ಅವನಿಗೆ ಮೊದಲ ಸುರುಳಿ ಗೆಲಾಕ್ಸಿ ಕಂಡದ್ದು. ಐರ್ಲೆಂಡಿನಲ್ಲಿ ಮೋಡ ಎಷ್ಟೆಂದು ಬಲ್ಲವರು, ಅದು ಕಂಡಿತಲ್ಲ ಎಂದೇ ಬೆರಗಾಗುತ್ತಾರೆ. ಜೋಯಿಡಾದವರು ಲಾರ್ಡ್ ರಾಸ್‌ನನ್ನು ತಮ್ಮ ಬಂಧು ಎಂದುಕೊಳ್ಳಬಹುದು.

ಮುಂದೆ ಇಂಗ್ಲೆಂಡಿನ ಹವ್ಯಾಸಿ ಹಿಂಡ್ಲ್ ಎಂಬವರು ಮನೆಯಲ್ಲಿ ಕನ್ನಡಿ ಮಾಡುವವರಿಗೆ ಒಂದು ಸುಲಭ ಸೂತ್ರ ಕೊಟ್ಟರು. ಕನ್ನಡಿಯನ್ನು ಸಮ ತೂಕದ ತುಂಡುಗಳಾಗಿ ಮನಸ್ಸಿನಲ್ಲೇ ಹೋಳು ಮಾಡಿ, ಒಂದೊಂದು ಹೋಳಿನ ಕೆಳಗೆ ಒಂದೊಂದು ಕಾಲು ಕೊಡಿ. 3 ಕಾಲು, 9 ಕಾಲು, 18 ಕಾಲು. ದಶಕಗಳ ಕಾಲ ಜಗತ್ತು ಇದನ್ನೇ ನಂಬಿಕೊಂಡು ಸುಖವಾಗಿತ್ತು. ಆಮೇಲೆ ಕಂಪ್ಯೂಟರ್ ಬಂತು, ಸುಖ ಹೋಯಿತು.

ಜಪಾನಿನ ತೋಶಿಮಿ ತಾಕಿ ಎಂಬ ಎಂಜಿನಿಯರ್ ತೆಳು ಬಿಲ್ಲೆಗಳು ಹೇಗೆ ಬಾಗುತ್ತವೆ ಎಂಬುದರ ಲೆಕ್ಕವನ್ನು ಮನೆಯ ಕಂಪ್ಯೂಟರಿಗೆ ಇಳಿಸಿದರು. ಅದರ ಮೇಲೆ ಟೊರಾಂಟೋದ ಡೇವಿಡ್ ಲೂಯಿಸ್ 1990ರ ದಶಕದಲ್ಲಿ ಪ್ಲಾಪ್ ಎಂಬ ತಂತ್ರಾಂಶ ಕಟ್ಟಿ ಪುಕ್ಕಟೆಯಾಗಿ ಹಂಚಿದರು. ಕನ್ನಡಿಯ ಅಗಲ, ದಪ್ಪ, ನಾಭಿದೂರ, ಗಾಜಿನ ಜಾತಿ, ಎದುರಿಗೆ ಬರುವ ಚಿಕ್ಕ ಕನ್ನಡಿಯ ಅಳತೆ ಇಷ್ಟನ್ನು ಕೊಟ್ಟರೆ ಸಾಕು. ಅದು ಗಾಜನ್ನು ನೂರಾರು ಚಿಕ್ಕ ತ್ರಿಕೋನಗಳಾಗಿ ಒಡೆದು, ಒಂದೊಂದೂ ಎಷ್ಟು ಜಗ್ಗುತ್ತದೆ ಎಂದು ಲೆಕ್ಕ ಹಾಕಿ, ಕಾಲುಗಳನ್ನು ಅತ್ತಿತ್ತ ಸರಿಸಿ ಮತ್ತೆ ಲೆಕ್ಕ ಹಾಕಿ, ಕೊನೆಗೆ ಎಲ್ಲೆಲ್ಲಿ ಕಾಲಿಟ್ಟರೆ ಬಾಗು ಕನಿಷ್ಠ ಎಂದು ಹೇಳುತ್ತದೆ. ಜೊತೆಗೆ ಕೆಂಪು, ಹಳದಿ, ನೀಲಿ ಬಣ್ಣ ತುಂಬಿದ ಒಂದು ಚಿತ್ರ. ಮಾಸ್ತರು ಆ ಚಿತ್ರವನ್ನು ಮೊಬೈಲಿನ ವಾಲ್‌ಪೇಪರ್ ಮಾಡಿಕೊಂಡಿದ್ದಾರೆ. ಮೊದಲು ಅಲ್ಲಿ ಮೊಮ್ಮಗಳ ಚಿತ್ರ ಇತ್ತು ಎಂದು ವೈನಿ ದಾಖಲಿಸಿದ್ದಾರೆ.

ಪ್ಲಾಪಿನ ಜಾಣತನದಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಉದಾರ ಬುದ್ಧಿ. ಕನ್ನಡಿ ಬಾಗಿತು ಸರಿ, ಆದರೆ ಹೇಗೆ ಬಾಗಿತು ಎಂದು ಅದು ಕೇಳುತ್ತದೆ. ಇಡೀ ಕನ್ನಡಿ ಒಂದು ಪ್ಯಾರಾಬೋಲದಿಂದ ಇನ್ನೊಂದು ಪ್ಯಾರಾಬೋಲಕ್ಕೆ ಜಾರಿದ್ದರೆ ನಷ್ಟವೇನೂ ಇಲ್ಲ. ನಾಭಿ ಒಂದಿಷ್ಟು ಸರಿದಿರುತ್ತದೆ, ಫೋಕಸ್ ತಿರುಪನ್ನು ಕೂದಲಷ್ಟು ತಿರುಗಿಸಿದರೆ ಮುಗಿಯಿತು. ಆ ನಿರಪಾಯದ ಬಾಗನ್ನು ಕಳೆದು, ಉಳಿದ ಡೊಂಕನ್ನು ಮಾತ್ರ ಅದು ತಪ್ಪೆಂದು ಎಣಿಸುತ್ತದೆ. ಇದನ್ನು ಲೆಕ್ಕಕ್ಕೆ ತಂದ ಕೂಡಲೇ ಹಳೆಯ ಸೂತ್ರಗಳೆಲ್ಲ ತಲೆಕೆಳಗು. ಮೂರೇ ಕಾಲಿನ ಪೀಠವಾದರೆ ಕಾಲುಗಳನ್ನು ಕೇಂದ್ರದಿಂದ ತ್ರಿಜ್ಯದ 70 ಪ್ರತಿಶತ ದೂರದಲ್ಲಿ ಇಡಿ ಎನ್ನುತ್ತಿದ್ದರು ಹಿಂದಿನವರು. ಪ್ಲಾಪ್ ಅವನ್ನು ಸುಮಾರು 40 ಪ್ರತಿಶತಕ್ಕೆ ಒಳಗೆ ಎಳೆದುಕೊಂಡಿತು. ಅಂಚು ಜೋತುಬಿದ್ದರೂ ಅದು ಬಹುಮಟ್ಟಿಗೆ ಫೋಕಸ್ಸಿನಲ್ಲಿ ಕಳೆದುಹೋಗುತ್ತದೆ ಎಂಬುದು ಅದರ ನ್ಯಾಯ. ಮನೆಯಲ್ಲಿ ಅತ್ತೆ ಮಾವಂದಿರು ಇಷ್ಟು ಉದಾರವಾಗಿ ಲೆಕ್ಕ ಹಾಕಿದ್ದರೆ ಎಷ್ಟೋ ಸಂಸಾರಗಳು ಉಳಿಯುತ್ತಿದ್ದವು ಎನ್ನುವುದು ವೈನಿಯವರ ಟಿಪ್ಪಣಿ.

ಮಾಸ್ತರ 12 ಇಂಚಿನ ಕನ್ನಡಿ ಸುಮಾರು 4 ಕಿಲೋ ತೂಗುತ್ತದೆ. ಹಳಿಯಾಳದ ಸಂತೆಯಲ್ಲಿ ಈ ತೂಕದ ಕುಂಬಳಕಾಯಿಯನ್ನು ಒಂದು ಕಂಕುಳಲ್ಲಿ ಇಟ್ಟುಕೊಂಡು ಇನ್ನೊಂದು ಕೈಲಿ ಚೌಕಾಸಿ ಮಾಡುತ್ತಾರೆ. ಅಷ್ಟಕ್ಕೆ ಮಾಸ್ತರು ಹದಿನೆಂಟು ಕಾಲು ಯೋಜಿಸಿದರು. ಕಾಲೊಂದಕ್ಕೆ ಬೀಳುವ ಭಾರ ಕಾಲು ಕಿಲೋಗೂ ಕಡಿಮೆ. ಇದೇ ಕನ್ನಡಿಗೆ ಒಂಬತ್ತು ಕಾಲು ಧಾರಾಳ ಸಾಕು, ಉಳಿಯುವ ಡೊಂಕು ಸರಾಸರಿ ಕೆಲವೇ ನ್ಯಾನೊಮೀಟರ್ ಎಂದು ಪ್ಲಾಪ್ ಮೊದಲ ದಿನವೇ ಹೇಳಿತ್ತು. ಮಾಸ್ತರಿಗೆ ಆ ಉತ್ತರ ಹಿಡಿಸಲಿಲ್ಲ. ಜೂನ್ ಮೊದಲ ವಾರದಲ್ಲೇ ಉತ್ತರ ಸಿಕ್ಕರೆ ಅಕ್ಟೋಬರ್ ತನಕ ಮಾಡುವುದೇನು?

ಹಾಗಾಗಿ ಜುಲೈಯಲ್ಲಿ ಗಾಜಿನ ಜಾತಿ ಬದಲಾಯಿಸಿ ನೋಡಿದರು. ಆಗಸ್ಟಿನಲ್ಲಿ ದಪ್ಪವನ್ನು 25 ಮಿಲಿಮೀಟರಿನಿಂದ 25.4ಕ್ಕೆ ಏರಿಸಿದರು. ಕರೆಂಟು ಹೋದಾಗ ಕಾಗದದ ಮೇಲೆ ಮಾಡಿದರು. ಕಾಗದದ ಕಾರ್ಖಾನೆಯ ಊರಿನಲ್ಲಿ ಕಾಗದಕ್ಕೆ ಬರವಿಲ್ಲ. ನಾಡಿಗೆಲ್ಲ ವಿದ್ಯುತ್ತು ಕೊಡಲು ಸೂಪಾ ಊರನ್ನೇ ನೀರಲ್ಲಿ ಮುಳುಗಿಸಿಕೊಂಡ ತಾಲ್ಲೂಕಿನ ಪಕ್ಕದಲ್ಲಿ ಕೂತು ಮೇಣದಬತ್ತಿಯಲ್ಲಿ ಲೆಕ್ಕ ಮಾಡುವ ಸುಖವೇ ಬೇರೆ ಎಂದು ಅವರೇ ನಕ್ಕರು. ಸೆಪ್ಟೆಂಬರಿನಲ್ಲಿ ಒಳವೃತ್ತದ ಕಾಲುಗಳ ತ್ರಿಜ್ಯವನ್ನು ದಶಮಾಂಶದ ಮೂರನೇ ಸ್ಥಾನದ ತನಕ ತಂದು ನಿಲ್ಲಿಸಿ, ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಕೊಡೆ ಹಿಡಿದು, ಹಳಿಯಾಳದ ಬಸ್ಸು ಹತ್ತಿದರು.

ಹಳಿಯಾಳದ ಬಡಿಗೇರಣ್ಣನನ್ನೂ ನಾನೇ ಹುಟ್ಟಿಸಿದ್ದು, ಆದರೆ ಅವನ ಬಾಯಿಯ ಮೇಲೆ ನನಗೆ ಹತೋಟಿ ಇಲ್ಲ. ಕಾಗದ ತಿರುಗಿಸಿ ಮುರುಗಿಸಿ ನೋಡಿ ಕೇಳಿದ:

"ಮಾಸ್ತರ, ಇದೇನ್ರಿ ಐವತ್ನಾಕು ಪಾಯಿಂಟ್ ಎಂಟು ಏಳು ಮೂರು?"

"ಮಿಲಿಮೀಟರ್ ಅಪ್ಪಾ. ತೂತು ಅಲ್ಲೇ ಬರಬೇಕು."

"ನನ್ನ ಗರಗಸ ಒಂದ ಸಲಕ್ಕ ಮೂರು ಮಿಲಿಮೀಟರ್ ಕಟ್ಟಿಗಿ ತಿಂತದ್ರಿ. ಅದರ ಹೊಟ್ಟಿಗೆ ಮೊದಲ ಲೆಕ್ಕ ಹೇಳ್ರಿ."

ಇಲ್ಲಿ ಬಡಿಗೇರಣ್ಣನ ಪಕ್ಷ ವಹಿಸುವುದು ನನ್ನ ಕರ್ತವ್ಯ, ಯಾಕೆಂದರೆ ತಂತ್ರಾಂಶವೂ ಅವನ ಪಕ್ಷವೇ. ಕಾಲುಗಳ ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಏನಾದೀತು ಎಂದು ಪ್ಲಾಪಿನಲ್ಲೇ ಪರೀಕ್ಷಿಸಿ ನೋಡಬಹುದು. ಏನೂ ಆಗುವುದಿಲ್ಲ ಎನ್ನುವಷ್ಟು ಕಡಿಮೆ ಆಗುತ್ತದೆ. ಕನಿಷ್ಠ ಬಾಗಿನ ತಾಣ ಎಂಬುದು ಒಂದು ಚೂಪಾದ ತುದಿಯಲ್ಲ, ಅಗಲವಾದ ಬಯಲು. ಅದರೊಳಗೆ ಎಲ್ಲಿ ನಿಂತರೂ ನಡೆಯುತ್ತದೆ. ದಶಮಾಂಶದ ಮೂರು ಅಂಕಿಯನ್ನು ಯಂತ್ರ ಕೊಡುವುದು ಅದಕ್ಕೆ ಕೊಡಲು ಬರುತ್ತದೆ ಎಂಬ ಕಾರಣಕ್ಕೆ. ನಮ್ಮವರು ಅದನ್ನು ವೇದವಾಕ್ಯ ಮಾಡಿಕೊಳ್ಳುತ್ತಾರೆ.

ಹದಿನೆಂಟು ಕಾಲು ಅಂದ ಮಾತ್ರಕ್ಕೆ ಹದಿನೆಂಟು ಮೊಳೆ ಹೊಡೆದರೆ ಆಗುವುದಿಲ್ಲ. ಮೂರಕ್ಕಿಂತ ಹೆಚ್ಚು ಕಾಲಿರುವ ಯಾವುದೂ ನೆಲದ ಮೇಲೆ ಸರಿಯಾಗಿ ಕೂರದು ಎಂಬುದು ನಮ್ಮ ಊಟದ ಮೇಜುಗಳಿಂದ ಎಲ್ಲರಿಗೂ ಗೊತ್ತು. ಹದಿನೆಂಟರಲ್ಲಿ ಒಂದು ಕೂದಲಷ್ಟು ಎತ್ತರವಾದರೂ ಭಾರವೆಲ್ಲ ಅದರ ತಲೆಗೆ. ಅದಕ್ಕೇ ಒಂದು ಉಪಾಯ: ಮೂರು ಅಡ್ಡಪಟ್ಟಿ. ಒಂದೊಂದು ಪಟ್ಟಿಯೂ ತನ್ನ ನಡುವಿನ ತಿರುಗುಣಿಯ ಮೇಲೆ ಓಲಾಡಬೇಕು. ಪಟ್ಟಿಯ ಎರಡು ತುದಿಗೆ ಒಂದೊಂದು ತ್ರಿಕೋನ. ಅದೂ ತನ್ನ ತೂಕದ ನಡುವಿನಲ್ಲಿ ಓಲಾಡಬೇಕು. ತ್ರಿಕೋನದ ಮೂರು ಮೂಲೆಗೆ ಮೂರು ಗುಂಡಿ. ಮೂರು ಪಟ್ಟಿ, ಆರು ತ್ರಿಕೋನ, ಹದಿನೆಂಟು ಗುಂಡಿ. ಯಾವ ಗುಂಡಿಯೂ ಉಳಿದದ್ದಕ್ಕಿಂತ ಹೆಚ್ಚು ಹೊರಲಾರದು, ಕಡಿಮೆಯನ್ನೂ ಹೊರಲಾರದು. ಇದಕ್ಕೆ ವಿಫಲ್‌ಟ್ರೀ ಎಂದು ಹೆಸರು. ದುರ್ಬೀನಿಗೆ ಬರುವ ಮೊದಲು ಇದು ಗಾಡಿಗೆ ಕಟ್ಟಿದ ಎರಡು ಕುದುರೆಗಳು ಸಮನಾಗಿ ಎಳೆಯಲಿ ಎಂದು ರೈತರು ಬಳಸುತ್ತಿದ್ದ ಅಡ್ಡಗೋಲು. ಮಾಸ್ತರು ಅರ್ಧ ತಾಸು ಟಾರ್ಕ್, ಗುರುತ್ವಕೇಂದ್ರ ಎಂದೆಲ್ಲ ಹೇಳಿದರೂ ಬಡಿಗೇರಣ್ಣನ ಮುಖದಲ್ಲಿ ಬೆಳಕು ಬರಲಿಲ್ಲ. ಕಡೆಗೆ "ನೊಗ ಇದ್ದಂಗಪ್ಪಾ, ಒಂದೆತ್ತು ಸೋಮಾರಿ ಆದ್ರ ಗೊತ್ತಾಗಬೇಕು" ಅಂದರು. "ಹಂಗ ಹೇಳ್ರಿ ಮತ್ತ" ಎಂದು ಅವನು ಪೆನ್ಸಿಲ್ ಕಿವಿಯಿಂದ ತೆಗೆದ.

ತೆಗೆದವನು ಮತ್ತೆ ನಿಂತ. "ಆದ್ರ ಮಾಸ್ತರ, ಒಂದ ಮಾತು. ನಾ ಮಾಡಿದ ಕುರ್ಚಿ ಒಂಚೂರ ಅಲುಗಾಡಿದ್ರ ಮಂದಿ ಮನಿ ತನಕ ಬಂದು ಬೈತಾರ. ನೀವು ನೋಡಿದ್ರ ಎಲ್ಲಾ ಅಲುಗಾಡೂ ಹಂಗ ಮಾಡು ಅಂತೀರಿ. ಹೊರಗ ಯಾರಿಗೂ ನಾ ಮಾಡಿದ್ದು ಅಂತ ಹೇಳಬ್ಯಾಡ್ರಿ."

ಅವನ ಭಯ ಸುಳ್ಳಲ್ಲ. ಪೀಠಗಳು ಕೆಡುವುದು ಲೆಕ್ಕದಲ್ಲಿ ಅಲ್ಲ, ಇಂಥ ಕಡೆಯಲ್ಲಿ. ತಿರುಗುಣಿ ಬಿಗಿಯಾಗಿ ಅಂಟಿಕೊಂಡರೆ ಹದಿನೆಂಟು ಕಾಲಿನ ಪೀಠ ಮೂರು ಕಾಲಿನದ್ದಕ್ಕಿಂತ ಕಡೆ. ಮೂಲೆಯಲ್ಲಿ ಒಂದು ಹನಿ ಫೆವಿಕಾಲ್ ಬಿದ್ದರೆ ಮಾಸ್ತರ ಇಡೀ ಮಳೆಗಾಲ ಹೊಳೆಗೆ. ಕನ್ನಡಿ ಜಾರೀತೆಂದು ಹೆದರಿ ಹಿಂಬದಿಗೆ ಸಿಲಿಕೋನ್ ಅಂಟು ಧಾರಾಳವಾಗಿ ಬಳಿದವರಿಗೆ ನಕ್ಷತ್ರಗಳು ಗುಂಡಗೆ ಕಾಣದೆ ಅಕ್ಕಿಕಾಳಿನಂತೆ ಉದ್ದುದ್ದ ಕಂಡಿವೆ. ಅಂಟು ಒಣಗುವಾಗ, ಚಳಿಗೆ ಲೋಹ ಕುಗ್ಗುವಾಗ ಗಾಜನ್ನು ಹಿಡಿದು ಎಳೆಯುತ್ತದೆ. ಇದು ಯಾವ ಬಣ್ಣದ ಚಿತ್ರದಲ್ಲೂ ಬರುವುದಿಲ್ಲ. ಮತ್ತೆ ನಮ್ಮ ಕಡೆಯ ವಿಶೇಷ ಆಹ್ವಾನಿತರು ಇದ್ದಾರಲ್ಲ, ಗೆದ್ದಲು ಮತ್ತು ಬೂಸ್ಟು. ಪ್ಲೈವುಡ್ಡಿನ ಪೆಟ್ಟಿಗೆಯನ್ನು ಒಂದು, ಕನ್ನಡಿಯ ಅಲ್ಯೂಮಿನಿಯಂ ಲೇಪವನ್ನು ಇನ್ನೊಂದು ಹಂಚಿಕೊಂಡು ತಿನ್ನುತ್ತವೆ. ಇವಕ್ಕೆ ತಂತ್ರಾಂಶ ಬರೆಯುವ ಪುಣ್ಯಾತ್ಮ ಟೊರಾಂಟೋದಲ್ಲಿ ಹುಟ್ಟಲಾರ, ಕ್ಯಾಸಲ್‌ರಾಕಿನಲ್ಲಿ ಹುಟ್ಟಬೇಕು.

ಪ್ಲೈವುಡ್ ಎಂದಾಗ ಒಬ್ಬ ಸನ್ಯಾಸಿಯನ್ನು ನೆನೆಯದೆ ಮುಂದೆ ಹೋಗುವುದು ತಪ್ಪಾಗುತ್ತದೆ. ಜಾನ್ ಡಾಬ್ಸನ್. ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯಲ್ಲಿ, ಅಂದರೆ ನಮ್ಮ ರಾಮಕೃಷ್ಣರ ಪರಂಪರೆಯ ಮಠದಲ್ಲಿ 1944ರಿಂದ 1967ರ ತನಕ ಇದ್ದವರು. ಹಡಗಿನ ಕಿಟಕಿಯ ಹಳೆಯ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಗೆ ಹಾಕಿ, ಪ್ಲೈವುಡ್ ಪೆಟ್ಟಿಗೆಯ ಮೇಲೆ ಕೂಡಿಸಿದರು. ದುರ್ಬೀನಿಗಾಗಿ ಅಲೆಯುತ್ತಾ ಮಠದ ಕೆಲಸಕ್ಕೆ ಚಕ್ಕರ್ ಹೊಡೆಯುತ್ತಾರೆಂಬ ದೂರು ಬಂದು ಮಠ ಬಿಡಬೇಕಾಯಿತು. ಆಮೇಲೆ ಬೀದಿಯಲ್ಲಿ ನಿಂತು ಹೋಗಿಬರುವವರಿಗೆಲ್ಲ ಚಂದ್ರನನ್ನು ತೋರಿಸಿದರು. ಇವತ್ತು ಜಗತ್ತಿನ ಹವ್ಯಾಸಿಗಳ ದೊಡ್ಡ ದುರ್ಬೀನುಗಳೆಲ್ಲ ಹೆಚ್ಚುಕಡಿಮೆ ಅವರದೇ ಅಚ್ಚು. ತೆಳುಗಾಜು ಜನಪ್ರಿಯವಾದದ್ದೂ, ಆ ತೆಳುಗಾಜಿಗೆ ಒಳ್ಳೆಯ ಪೀಠ ಹುಡುಕುವ ಗೋಳು ಶುರುವಾದದ್ದೂ ಇಂಥ ದುರ್ಬೀನುಗಳ ಹಿಂದೆಯೇ. ಪ್ಲೈವುಡ್ ಮಾಡಿ ಹೆಸರು ಗಳಿಸಿದ್ದ ದಾಂಡೇಲಿಯಲ್ಲಿ ಅವರಿಗೊಂದು ಪಟ ಹಾಕಬಹುದಿತ್ತು.

ಮಾಸ್ತರು ಎರಡನೇ ಸನ್ಯಾಸಿಯೊಬ್ಬರನ್ನೂ, ಅಂದರೆ ದಲೈ ಲಾಮಾ ಅವರನ್ನೂ ಪೂಜಿಸುತ್ತಾರೆ, ಅದಕ್ಕೆ ಮುಂಡಗೋಡಿಗೆ ಹೋಗುತ್ತಾರೆ. 1966ರಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆಂದು ಕಾಡು ಕಡಿದು ಕೊಟ್ಟ ಜಾಗದಲ್ಲಿ ಇವತ್ತು ಗಾಂಡೆನ್, ಡ್ರೆಪುಂಗ್ ಮಠಗಳಿವೆ. ಅಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟಿ ವಾದ ಮಾಡುವುದನ್ನು ನೀವು ನೋಡಿರಬೇಕು. ಡ್ರೆಪುಂಗ್ ಲೋಸೆಲಿಂಗ್‌ನಲ್ಲಿ 2017ರಿಂದ ಧ್ಯಾನ ಮತ್ತು ವಿಜ್ಞಾನಕ್ಕೆಂದೇ ಒಂದು ಕೇಂದ್ರ ಇದೆ. ದಲೈ ಲಾಮಾ ತಮ್ಮ ಪುಸ್ತಕವೊಂದರಲ್ಲಿ ಹೇಳಿಕೊಂಡಿದ್ದಾರೆ: ಹುಡುಗನಾಗಿದ್ದಾಗ ಲಾಸಾದ ಪೊಟಾಲಾ ಅರಮನೆಯಲ್ಲಿ ಹದಿಮೂರನೆಯ ದಲೈ ಲಾಮಾ ಬಿಟ್ಟುಹೋದ ದುರ್ಬೀನೊಂದು ಅವರಿಗೆ ಸಿಕ್ಕಿತಂತೆ. ಅದರಲ್ಲಿ ಚಂದ್ರನನ್ನು ನೋಡಿದರೆ ಬೆಟ್ಟಗಳ ನೆರಳು ಕಂಡಿತು. ಚಂದ್ರ ತನ್ನದೇ ಬೆಳಕಿನಿಂದ ಬೆಳಗುತ್ತಾನೆ ಎಂದು ಹಳೆಯ ಗ್ರಂಥ ಹೇಳುತ್ತಿತ್ತು. ತನ್ನದೇ ಬೆಳಕಾದರೆ ನೆರಳು ಎಲ್ಲಿಂದ? ಹುಡುಗ ಗುರುಗಳನ್ನು ಕರೆದು ತೋರಿಸಿದ. "ನೋಡ್ರಿ, ಒಂದು ದುರ್ಬೀನು ಒಂದು ಶಾಸ್ತ್ರವನ್ನೇ ತಿದ್ದಿತು" ಎಂದು ಮಾಸ್ತರು ಪ್ರತಿ ಸಲ ಈ ಕಥೆ ಹೇಳಿ ಕಣ್ಣು ಒರೆಸಿಕೊಳ್ಳುತ್ತಾರೆ. "ಆ ಹುಡುಗ ದುರ್ಬೀನಿನೊಳಗ ನೋಡಿದ್ದಕ್ಕ ತಿದ್ದಿತು. ನೀವು ಬರೀ ಅದರ ಬುಡಾ ನೋಡ್ತೀರಿ" ಎಂದು ವೈನಿ ಮೋಮೊ ತಿನ್ನುತ್ತಾ ಸೇರಿಸುತ್ತಾರೆ.

ಆದರೆ ಬುಡ ನೋಡುವವರನ್ನು ಹಗುರವಾಗಿ ಕಾಣುವ ಕಾಲ ಹೋಯಿತು. ಮೂವತ್ತು ಮೀಟರ್ ದೂರದರ್ಶಕ ಎಂಬ ಮಹಾಯೋಜನೆಯ ಕನ್ನಡಿ 492 ಷಟ್ಕೋನದ ತುಂಡುಗಳದ್ದು. ತುಂಡೊಂದು ಮೂಲೆಯಿಂದ ಮೂಲೆಗೆ 1.44 ಮೀಟರ್ ಅಗಲ, ದಪ್ಪ 45 ಮಿಲಿಮೀಟರ್ ಮಾತ್ರ. ಪ್ರತಿಯೊಂದರ ಬೆನ್ನಿಗೂ ವಿಫಲ್‌ಟ್ರೀ, ಅದೂ 27 ಬಿಂದುಗಳದ್ದು. ಈ ಪೀಠಗಳನ್ನು ಮಾಡಿಕೊಡುವ ಹೊಣೆಯಲ್ಲಿ ಭಾರತಕ್ಕೆ ದೊಡ್ಡ ಪಾಲಿದೆ. ಕೆಲಸವನ್ನು ಕೂಡಿಸುವ ಕೇಂದ್ರ ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯಲ್ಲಿದೆ, ಮಾದರಿ ಪೀಠಗಳನ್ನು ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್ ಮಾಡಿತು. ಕನ್ನಡಿಯ ತುಂಡುಗಳಿಗೆ ಹೊಳಪು ಕೊಡುವ ಕಾರ್ಯಾಗಾರ ಹೊಸಕೋಟೆಯಲ್ಲಿ. ಅದೇ ಹೊಸಕೋಟೆಯ ಕ್ಯಾಂಪಸ್ಸಿನಲ್ಲಿ ಕೂತು ಲಡಾಖಿನ ಹಾನ್ಲೆಯ ಎರಡು ಮೀಟರ್ ದುರ್ಬೀನನ್ನು ತಿರುಗಿಸುವವರೂ ಇದ್ದಾರೆ. ಅವರಿಗೆ ಕಾಲಿಗೆ ಜಿಗಣೆ ಹತ್ತುವುದಿಲ್ಲ. ಮೂವತ್ತು ಮೀಟರಿನದ್ದನ್ನು ಹವಾಯಿಯ ಪವಿತ್ರ ಬೆಟ್ಟದ ಮೇಲೆ ಕಟ್ಟುವುದೋ ಬೇಡವೋ ಎಂಬ ಜಗಳ ವರ್ಷಗಟ್ಟಲೆ ಎಳೆದಿದೆ. ಪೀಠದ ವಿನ್ಯಾಸ ಮುಗಿದು ದುರ್ಬೀನೇ ಬಾರದಿರುವ ಅವಸ್ಥೆ ತಮ್ಮೊಬ್ಬರದ್ದೇ ಅಲ್ಲ ಎಂದು ಮಾಸ್ತರು ಇದರಿಂದ ಬಹಳ ಸಮಾಧಾನ ಪಡೆದಿದ್ದಾರೆ.

ಸಮಾಧಾನ ಪಡೆದ ಮನುಷ್ಯ ಸುಮ್ಮನಿರಬೇಕು. ಅಷ್ಟರಲ್ಲಿ ಅವರಿಗೆ ಹೊಸ ಚಿಂತೆ ಹೊಕ್ಕಿತು. ಕನ್ನಡಿ ಮಲಗಿದಾಗ ಭಾರ ಬೆನ್ನಿನ ಮೇಲೆ, ಸರಿ. ದುರ್ಬೀನನ್ನು ಓರೆ ಮಾಡಿದರೆ? ಭಾರ ಅಂಚಿಗೆ ಬರುತ್ತದಲ್ಲ! ಜೋಯಿಡಾದ ಗುಡ್ಡದಂಚಿನ ತ್ರಿಶಂಕುವನ್ನು ನೋಡಬೇಕಾದರೆ ಕನ್ನಡಿ ಹೆಚ್ಚುಕಡಿಮೆ ನೆಟ್ಟಗೆ ನಿಂತಿರಬೇಕು. ಆಗ ಹದಿನೆಂಟು ಕಾಲುಗಳಿಗೂ ಕೆಲಸವಿಲ್ಲ. ಅಂಚಿಗೆ ಆಧಾರ ಎಲ್ಲಿ ಕೊಡಬೇಕೆಂದು ಹೇಳುವ ಬೇರೊಂದು ಲೆಕ್ಕದ ಯಂತ್ರವನ್ನು ಬರೆದವರು ಬೆಲ್ಜಿಯಮ್ಮಿನ ರಾಬರ್ಟ್ ಹೌಡಾರ್ಟ್. ಹೌದಿನಿ ಎಂಬ ಹೆಸರಾಂತ ಚದುರಂಗದ ತಂತ್ರಾಂಶ ಬರೆದವರೂ ಇವರೇ. ಕನ್ನಡಿಯ ತೂಕದ ನಡು ಯಾವ ಸಮತಲದಲ್ಲಿ ಇದೆಯೋ ಸರಿಯಾಗಿ ಅದೇ ಸಮತಲದಲ್ಲಿ ಅಂಚಿನ ಆಧಾರ ತಾಗಬೇಕು, ಮೇಲೆ ಕೆಳಗೆ ಆದರೆ ಕನ್ನಡಿ ತಿರುಚಿಕೊಳ್ಳುತ್ತದೆ ಎನ್ನುವುದು ಅದರ ಮುಖ್ಯ ಎಚ್ಚರಿಕೆ. ಅಂದರೆ ಬೆನ್ನಿನಲ್ಲಿ ಮಿಲಿಮೀಟರಿನ ಲೆಕ್ಕ ಬೇಡ ಎಂದು ನಗುತ್ತಿದ್ದವರು ಅಂಚಿನಲ್ಲಿ ಮಿಲಿಮೀಟರ್ ಅಳೆಯಬೇಕು. ಮಾಸ್ತರು ಅಳೆದದ್ದು ಬೆನ್ನನ್ನು. ಅಂಚಿಗೆ ಕಟ್ಟುವುದಕ್ಕೆ ವೈನಿಯ ಹಳೆಯ ಬ್ಯಾಗಿನ ಪಟ್ಟಿ ಕತ್ತರಿಸಿಟ್ಟಿದ್ದರು.

ಅಕ್ಟೋಬರ್ ಕಡೆಗೆ ಮಳೆ ನಿಂತಿತು. ಬಡಿಗೇರಣ್ಣ ಸಾಗವಾನಿಯ ಪಟ್ಟಿಗಳನ್ನು ಕೊಯ್ದಿಟ್ಟು ಫೋನ್ ಮಾಡಿದ. ದಾಂಡೇಲಿ ಸಾಗವಾನಿ, ಗೆದ್ದಲು ಮುಟ್ಟುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಎಂದ. ಮಾಸ್ತರು ಹೋದರು. ತ್ರಿಕೋನಗಳನ್ನು ಕೈಯಲ್ಲಿ ಹಿಡಿದು ನೋಡಿದರು, ಸಂತೋಷವಾಯಿತು. ಆಮೇಲೆ ರೊಕ್ಕದ ಮಾತು ಬಂತು.

"ಕಟ್ಟಿಗಿ ರೊಕ್ಕ ಬ್ಯಾರೆ ಮಾಸ್ತರ. ಕೂಲಿ ನಾ ಕಾಲಿನ ಲೆಕ್ಕದಾಗ ತಗೋತೀನಿ. ಒಂದು ಕಾಲಿಗೆ ನೂರೈವತ್ತು."

ಮಾಸ್ತರು ಒಂದು ಗಳಿಗೆ ಸುಮ್ಮನೆ ನಿಂತರು. ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ಲಾಪಿಗೆ ಒಪ್ಪಿಸಲು ಆಗದಿದ್ದ ಸತ್ಯ ಅವರಿಗೆ ಆ ಒಂದು ಗಳಿಗೆಯಲ್ಲಿ ಹೊಳೆಯಿತು. ಕನ್ನಡಕ ಸರಿಮಾಡಿಕೊಂಡು, ಗಂಭೀರವಾಗಿ, 12 ಇಂಚಿನ ತೆಳುಗನ್ನಡಿಗೆ ಒಂಬತ್ತು ಬಿಂದುಗಳ ಆಧಾರ ವೈಜ್ಞಾನಿಕವಾಗಿ ಸಂಪೂರ್ಣ ಸಾಕು, ಉಳಿಯುವ ದೋಷ ಅಲಕ್ಷ್ಯ ಎಂದು ವಿವರಿಸಿದರು. ಟೊರಾಂಟೋದ ಹೆಸರನ್ನೂ ಹೇಳಿದರು.

ಬಡಿಗೇರಣ್ಣ ಎಲ್ಲವನ್ನೂ ಕೇಳಿ ಪೆನ್ಸಿಲ್ಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

"ಹಂಗಾರ ಮನಿಗೆ ಹೋಗಿ ಇನ್ನೊಮ್ಮೆ ಕೇಳಿ ನೋಡ್ರಲಾ ಕಂಪ್ಯೂಟರಿಗೆ. ನನ್ನ ರೇಟ್ ಇನ್ನೂರಾದ್ರ ಮೂರs ಸಾಕಾಗ್ತದೇನೋ."